ತೋಟದ ಲೆಕ್ಕ: ಓದುಗರ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಸುತ್ತಿ ಒಂದೇ ಕಡೆ ಬರುತ್ತವೆ. ತೋಟ ಮಾಡುವುದು ಗೊತ್ತು, ಅದರ ವ್ಯವಹಾರ ಮಾಡುವುದು ಹೇಗೆ? ಹೊಸ ಓದುಗರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕೃಷಿ ವಿಜ್ಞಾನಿಯಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಒಂದು ಸಹಕಾರಿ ಬ್ಯಾಂಕಿನ ಕೌಂಟರಿನ ಹಿಂದೆ 31 ವರ್ಷ ಕುಳಿತವಳು, ನಿವೃತ್ತಿಯಾದ ಮೇಲೆ 410 ಅಡಿಕೆ ಮರಗಳ ಕೆಳಗೆ ಓಡಾಡಿಕೊಂಡಿರುವವಳು. ಎಲೆಚುಕ್ಕಿ ರೋಗಕ್ಕೆ ಮದ್ದು ಕೇಳಿ ಬರೆದ ಮೂವರು ದಯವಿಟ್ಟು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರನ್ನು (ಸಿಪಿಸಿಆರ್‌ಐ) ವಿಚಾರಿಸಿ. ಅವರು ಕಾಸರಗೋಡಿನಲ್ಲೂ ಇದ್ದಾರೆ, ವಿಟ್ಲದಲ್ಲೂ ಇದ್ದಾರೆ.

ಪ್ರಶ್ನೆ: ಅಕ್ಕಾ, ನಾನು ಕುಟುಂಬಶ್ರೀಯ (ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆ) ಒಂದು ಕೃಷಿ ಗುಂಪಿನಲ್ಲಿದ್ದೇನೆ. ನಮ್ಮ ವಾರ್ಡಿನ ಸಣ್ಣ ರೈತರಿಗೆ ವ್ಯವಹಾರ ಯೋಜನೆ ಕಲಿಸಬೇಕೆಂದು ಎರಡು ದಿನಗಳ ತರಬೇತಿ ಇಟ್ಟೆವು. ಮೊದಲ ದಿನ 34 ಮಂದಿ ಬಂದರು. ಹೊರಗಿನಿಂದ ಬಂದವರು ಪರದೆಯ ಮೇಲೆ ತೋರಿಸಿ ಪಾಠ ಮಾಡಿದರು. ಎರಡನೆಯ ದಿನ ಬಂದವರು ಏಳು ಮಂದಿ, ಅವರಲ್ಲಿ ನಾಲ್ವರು ನಮ್ಮ ಗುಂಪಿನವರೇ. ನಾವು ಎಲ್ಲಿ ತಪ್ಪಿದೆವು? (ಓದುಗಿ, ಎಣ್ಮಕಜೆ)

ಏಳು ಮಂದಿ ಬಂದರಲ್ಲ, ಪುಣ್ಯ. ನನ್ನ ಮೊದಲ ತರಗತಿಯ ಎರಡನೆಯ ದಿನ ಬಂದದ್ದು ಇಬ್ಬರು. ಒಬ್ಬರು ಮರೆತುಹೋಗಿದ್ದ ಕೊಡೆಯನ್ನು ತೆಗೆದುಕೊಂಡು ಹೋಗಲು ಬಂದವರು.

ಆ ದಿನ ನಾನು ಬ್ಯಾಂಕಿನ ನಮೂನೆಯನ್ನೇ ಹಿಡಿದುಕೊಂಡು ಹೋಗಿದ್ದೆ. ಆಸ್ತಿ ಒಂದು ಬದಿ, ಹೊಣೆ ಇನ್ನೊಂದು ಬದಿ, ಕೆಳಗೆ ಸವಕಳಿ. ತಲೆಬರಹಗಳೆಲ್ಲ ಮಲಯಾಳದಲ್ಲಿ ಇದ್ದುದರಿಂದ ಅರ್ಧ ಹೊತ್ತು ಅದನ್ನು ಕನ್ನಡಕ್ಕೆ ತಿರುಗಿಸುವುದರಲ್ಲೇ ಹೋಯಿತು. ‘ವರವು–ಚೆಲವು’ ಎಂದರೆ ಜಮಾ–ಖರ್ಚು ಎಂದು ನಾನು ವಿವರಿಸಿದೆ. ಹಿಂದೆ ಕುಳಿತಿದ್ದ ಹೆಂಗಸೊಬ್ಬರು ‘ಅದು ನಮಗೆ ಗೊತ್ತಿದೆ, ಈ ಸವಕಳಿ ಎಂದರೇನು?’ ಎಂದು ಕೇಳಿದರು. ಪಂಪಿನ ಬೆಲೆ ವರ್ಷವರ್ಷ ಕಡಿಮೆಯಾಗುತ್ತದೆ ಎಂದೆ. ‘ನಮ್ಮ ಪಂಪು ಹೋದ ವರ್ಷವೇ ಹೋಯಿತು’ ಎಂದರು. ಎಲ್ಲರೂ ನಕ್ಕರು. ನನ್ನ ಪಾಠ ಅಲ್ಲಿಗೆ ಮುಗಿದಿತ್ತು, ಆದರೂ ಇನ್ನೂ ಎರಡು ಗಂಟೆ ಹೊತ್ತು ಮಾತಾಡಿದೆ.

ದಾರಿ ತೋರಿಸಿದ್ದು ಅದೇ ಹೆಂಗಸಿನ ಮನೆಯ ಗೋಡೆ. ಒಂದು ದಿನ ಮಜ್ಜಿಗೆ ಕುಡಿಯಲೆಂದು ಅವರ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಎದುರಿಗೆ ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗುತ್ತಿತ್ತು. ಹತ್ತಿರ ಹೋಗಿ ನೋಡಿದರೆ ತಾರೀಕಿನ ಒಂದೊಂದು ಚೌಕದಲ್ಲೂ ಬರವಣಿಗೆ. ‘ಮದ್ದು 2 ಆಳು’, ‘ಸುಲಿದದ್ದು 48 ಕಿಲೋ’, ‘ಹಟ್ಟಿಗೊಬ್ಬರ 1 ಪಿಕಪ್, 500 ಬಾಕಿ’, ‘ಹಾಲು 3’, ‘ಹಾಲು 3’, ‘ಹಾಲು ಇಲ್ಲ’. ಹಾಲು ಇಲ್ಲದ ದಿನದ ಪಕ್ಕದಲ್ಲಿ ‘ಕರು ಹಗ್ಗ ಬಿಚ್ಚಿತು’ ಎಂಬ ವಿವರಣೆಯೂ ಇತ್ತು. ಮುಗಿದ ತಿಂಗಳ ಹಾಳೆಯನ್ನು ಹರಿಯದೆ ಹಿಂದಕ್ಕೆ ಮಡಚಿದ್ದರು. ಮೂರು ವರ್ಷಗಳ ಕ್ಯಾಲೆಂಡರುಗಳು ಅದೇ ಮೊಳೆಯಲ್ಲಿ ಒಂದರ ಹಿಂದೆ ಒಂದು. ನಾನು 31 ವರ್ಷ ನೋಡಿದ ಎಷ್ಟೋ ಸಾಲದ ಕಡತಗಳಿಗಿಂತ ಅದು ಚೊಕ್ಕವಾಗಿತ್ತು. ಅವರು ಮಾಡದೆ ಬಿಟ್ಟದ್ದು ಒಂದೇ: ವರ್ಷ ಮುಗಿದ ಮೇಲೆ ಹನ್ನೆರಡೂ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿರಲಿಲ್ಲ.

ಅಂದಿನಿಂದ ನಾನು ಪುಸ್ತಕ ತರಲು ಹೇಳುವುದಿಲ್ಲ, ಹಳೆಯ ಕ್ಯಾಲೆಂಡರ್ ತರಲು ಹೇಳುತ್ತೇನೆ. ಇಲ್ಲದವರು ಪಾಸ್‌ಬುಕ್ಕು, ಅಂಗಡಿ ಚೀಟಿ, ಕರೆಂಟು ಬಿಲ್ಲು ತರುತ್ತಾರೆ. ಅಂಗಳದಲ್ಲಿ ಹನ್ನೆರಡು ತಿಂಗಳ ಹಾಳೆಗಳನ್ನು ಸಾಲಾಗಿ ಹರಡಿ, ಗಾಳಿಗೆ ಹಾರದಂತೆ ಮೂಲೆಗೆ ಕಲ್ಲು ಇಟ್ಟು, ಎರಡು ಬುಟ್ಟಿ ಅಡಿಕೆ ತಂದಿಡುತ್ತೇನೆ. ಸುಲಿಯದ ಗೋಟು ಹೋದ ಹಣ, ಸುಲಿದ ಚಾಲಿ ಬಂದ ಹಣ. ಒಂದು ಅಡಿಕೆ ಎಂದರೆ ಒಂದು ಸಾವಿರ ರೂಪಾಯಿ. ಓದು ಬಾರದ ಅಜ್ಜಿಯೂ ಇದನ್ನು ಮಾಡುತ್ತಾರೆ. ತಪ್ಪು ಇಟ್ಟರೆ ಪಕ್ಕದ ಮನೆಯವರೇ ‘ನೀವು ಗೊಬ್ಬರ ತರಿಸಿದ್ದು ಆ ತಿಂಗಳಲ್ಲವಲ್ಲ’ ಎಂದು ತಿದ್ದುತ್ತಾರೆ.

ಒಂದು ಮನೆಯ ಲೆಕ್ಕ ಹೇಳುತ್ತೇನೆ. ಅಂಕಿಗಳು ಕಲಿಸಲಿಕ್ಕೆಂದು ದುಂಡಗೆ ಮಾಡಿದವು, ನಿಮ್ಮದನ್ನು ನೀವು ಹಾಕಿಕೊಳ್ಳಿ. ಸುಮಾರು 400 ಫಸಲಿನ ಮರ. ವರ್ಷಕ್ಕೆ 700 ಕಿಲೋ ಚಾಲಿ, ಕಿಲೋಗೆ 400ರಂತೆ 2,80,000. ಮರಕ್ಕೆ ಹಬ್ಬಿಸಿದ ಕರಿಮೆಣಸಿನಿಂದ 24,000, ತೆಂಗಿನಕಾಯಿಯಿಂದ 15,000. ಒಟ್ಟು 3,19,000. ಖರ್ಚು: ಕೊಳೆರೋಗಕ್ಕೆ ಎರಡು ಸಲ ಮದ್ದು ಬಿಟ್ಟದ್ದಕ್ಕೆ 24,000, ಗೊಬ್ಬರಕ್ಕೆ 35,000, ಕೊಯ್ಲಿಗೆ 30,000, ಸುಲಿಯಲು 10,500, ನೀರಿಗೆ 8,000, ಚಿಲ್ಲರೆ 12,500. ಒಟ್ಟು 1,20,000. ಉಳಿದದ್ದು 1,99,000. ಮನೆಯ ಯಜಮಾನರು ಎದೆ ಉಬ್ಬಿಸಿ ‘ಎರಡು ಲಕ್ಷ ಲಾಭ’ ಎಂದರು.

ಆಗ ನಾನು ಯಾವಾಗಲೂ ಕೇಳುವ ಪ್ರಶ್ನೆ ಕೇಳಿದೆ. ಮನೆಯವರ ಸಂಬಳ ಎಲ್ಲಿ? ಯಜಮಾನರು ತೋಟದಲ್ಲಿ ದುಡಿದದ್ದು ವರ್ಷಕ್ಕೆ 150 ದಿನ. ಅವರ ಹೆಂಡತಿ ಅಡಿಕೆ ಹೆಕ್ಕಿದ್ದು, ಅಂಗಳದಲ್ಲಿ 40–45 ದಿನ ಒಣಹಾಕಿ ಮಗುಚಿದ್ದು, ಮೋಡ ಕಂಡಾಗ ಓಡಿ ಬಂದು ಟಾರ್ಪಾಲು ಎಳೆದದ್ದು, ಸ್ಪ್ರಿಂಕ್ಲರ್ ಬದಲಿಸಿದ್ದು ಎಲ್ಲ ಸೇರಿ 100 ದಿನ ಎಂದು ಅವರು ಹೇಳಿದರು. ಹೆಂಡತಿ ತಲೆ ಎತ್ತದೆ ‘ನೂರಕ್ಕೆ ನಿಲ್ಲುವುದಿಲ್ಲ’ ಎಂದರು. ಇರಲಿ, ನೂರೇ ಹಿಡಿಯೋಣ. 250 ದಿನಕ್ಕೆ 600ರಂತೆ 1,50,000. ಎರಡು ಲಕ್ಷದ ಲಾಭ 49,000ಕ್ಕೆ ಇಳಿಯಿತು. ಅಂಗಳ ಸ್ವಲ್ಪ ಹೊತ್ತು ಮೌನವಾಯಿತು. ಯಾರನ್ನೂ ಅಳಿಸಲಿಕ್ಕೆ ನಾನು ಈ ಲೆಕ್ಕ ಮಾಡಿಸುವುದಲ್ಲ. ಹೊಸ ಕೆಲಸವೊಂದಕ್ಕೆ ಕೈ ಹಾಕುವಾಗ ‘ಮನೆಯವರೇ ಮಾಡುತ್ತಾರೆ, ಖರ್ಚಿಲ್ಲ’ ಎಂಬ ಮಾತು ಬರುತ್ತದಲ್ಲ, ಆ ಮಾತಿನ ಬೆಲೆ ಗೊತ್ತಿರಬೇಕು. ಬಾಯಾರು, ಶೇಣಿಯ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರಿಗೂ ಇದೇ ಮಾತು ಹೇಳುತ್ತಾರೆ. ಅಜ್ಜ ಕೊರೆಸಿದ್ದು, ನೀರು ತಾನಾಗಿ ಬರುತ್ತದೆ, ಅದಕ್ಕೇನು ಲೆಕ್ಕ ಎನ್ನುತ್ತಾರೆ. ಒಳಗೆ ಮಣ್ಣು ಕುಸಿದ ವರ್ಷ ಲೆಕ್ಕ ತಾನಾಗಿ ಬರುತ್ತದೆ.

ಇನ್ನು ಮುಖ್ಯವಾದದ್ದು. ಹಾಳೆಗಳ ಮೇಲೆ ಅಡಿಕೆ ಇಟ್ಟು ಮುಗಿದಾಗ ಎಲ್ಲರಿಗೂ ಕಣ್ಣಿಗೆ ಬಿದ್ದದ್ದು ಲಾಭವೂ ಅಲ್ಲ, ನಷ್ಟವೂ ಅಲ್ಲ. ಜನವರಿಯಿಂದ ಏಪ್ರಿಲ್ ತನಕ ಚಾಲಿಯ ರಾಶಿ. ಜೂನ್‌ನಿಂದ ನವೆಂಬರ್ ತನಕ ಬರೀ ಗೋಟು. ಮಳೆಗೆ ಮೊದಲು ಒಂದು ಮದ್ದು, 40–45 ದಿನ ಬಿಟ್ಟು ಇನ್ನೊಂದು, ಮಧ್ಯೆ ಮಕ್ಕಳ ಶಾಲೆ, ಮಳೆ ಇಳಿದ ಮೇಲೆ ಗೊಬ್ಬರ, ಪ್ರತಿ ತಿಂಗಳೂ 15,000 ಮನೆಖರ್ಚು. ಆ ಆರು ತಿಂಗಳಲ್ಲಿ ಹೋದದ್ದು 1,69,000. ಬಂದದ್ದು ತೆಂಗಿನಕಾಯಿಯ ಕೆಲವು ಸಾವಿರ. ಆಟಿ ತಿಂಗಳ (ಜುಲೈ–ಆಗಸ್ಟ್) ಹಾಳೆಯಲ್ಲಿ ಗೋಟು ಇಡಲು ಜಾಗ ಸಾಲದೆ ಪಕ್ಕದ ಕಲ್ಲಿನ ಮೇಲೆ ಇಟ್ಟರು. ‘ಆಗ ಏನು ಮಾಡಿದಿರಿ?’ ಎಂದರೆ ‘ಅಡಿಕೆ ಅಂಗಡಿಯವರಿಂದ ಮುಂಗಡ ತಂದೆವು’. ಮುಂಗಡ ತಂದವನು ಮುಂದಿನ ಫಸಲನ್ನು ಅಲ್ಲಿಗೇ ಕೊಡಬೇಕು, ಅವರು ಹೇಳಿದ ದರಕ್ಕೆ ಕೊಡಬೇಕು, ಕಡಿಮೆ ದರದ ಪಟೋರ ಎಷ್ಟು, ಕರಿಗೋಟು ಎಷ್ಟು ಎಂದು ಅವರು ವಿಂಗಡಿಸಿದ್ದಕ್ಕೆ ತಲೆಯಾಡಿಸಬೇಕು. ತೋಟದ ಲಾಭ ಸೋರಿದ ತೂತು ಅಲ್ಲಿತ್ತು. ವರ್ಷದ ಒಟ್ಟು ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ತಿಂಗಳಿನ ಹಾಳೆಯಲ್ಲಿ ಮಾತ್ರ ಕಾಣುತ್ತದೆ.

ಆ ಮನೆಯವರ ಮುಂದಿನ ವರ್ಷದ ಯೋಜನೆ ಮೂರೇ ಸಾಲಿನದ್ದು. 200 ಕಿಲೋ ಚಾಲಿಯನ್ನು ಬೇಸಗೆಯಲ್ಲಿ ಮಾರದೆ ಜುಲೈಗೆ ಇಟ್ಟುಕೊಳ್ಳುವುದು. ಕರಿಮೆಣಸನ್ನು ಚೆನ್ನಾಗಿ ಒಣಗಿಸಿ ಗೊಬ್ಬರದ ಕಾಲದವರೆಗೆ ಮಾರದೆ ಇಡುವುದು. ಮದ್ದಿಗೆ ಬೇಕಾದ ಮೈಲುತುತ್ತು, ಸುಣ್ಣವನ್ನು ಕೈಯಲ್ಲಿ ಹಣ ಇರುವ ಏಪ್ರಿಲ್‌ನಲ್ಲೇ ತಂದಿಡುವುದು. ಇದಕ್ಕೆ ಕಂಪ್ಯೂಟರ್ ಬೇಡ. ಮೂರನೆಯದನ್ನು ಸೂಚಿಸಿದ್ದು ನಾನಲ್ಲ, ಪಕ್ಕದ ಮನೆಯವರು. ಒಬ್ಬರ ಹಾಳೆಯನ್ನು ಹತ್ತು ಮಂದಿ ಸುತ್ತ ನಿಂತು ನೋಡುವುದರ ಉಪಯೋಗ ಇದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ರೈತರ ಹೊಲಶಾಲೆ ಆರಂಭಿಸಿದಾಗ ಅನುಸರಿಸಿದ ಕ್ರಮವೂ ಇದೇ: ಗುಂಪು ಬೆಳೆಯ ಕಾಲ ಪೂರ್ತಿ ಗದ್ದೆಗೇ ಬಂದು ನೋಡಿ, ಚರ್ಚಿಸಿ, ತೀರ್ಮಾನ ಮಾಡುತ್ತದೆ. ಮುಂದೆ ರೈತರಿಗೆ ವ್ಯವಹಾರ ಕಲಿಸಲಿಕ್ಕೂ ಅದೇ ಸಂಸ್ಥೆ ಅದೇ ದಾರಿ ಹಿಡಿಯಿತು. ಆದ್ದರಿಂದ ನಿಮ್ಮ ಎರಡು ದಿನವನ್ನು ಒಡೆದು ತಿಂಗಳಿಗೊಂದು ಮಧ್ಯಾಹ್ನ ಮಾಡಿ. ಕೊಯ್ಲಿನ ಲೆಕ್ಕವನ್ನು ಕೊಯ್ಲಿನ ಕಾಲದಲ್ಲಿ, ಮದ್ದಿನ ಲೆಕ್ಕವನ್ನು ಮದ್ದಿಗೆ ಮೊದಲು.

ಒಂದು ಕೊನೆಯ ಹಾಳೆಯನ್ನೂ ಸೇರಿಸಿ: ಬೆಲೆ ಅರ್ಧಕ್ಕೆ ಇಳಿದರೆ ಏನು ಮಾಡುತ್ತೀರಿ? ಇದನ್ನು ನಾನು ಕಲಿತದ್ದು ವೆನಿಲ್ಲಾದಿಂದ. 2003ರಲ್ಲಿ ಹಸಿ ಕೋಡು ಕಿಲೋಗೆ 3,000 ರೂಪಾಯಿ ದಾಟಿತ್ತು. ಮಡಗಾಸ್ಕರ್‌ನಲ್ಲಿ ಚಂಡಮಾರುತ ಬಂದು ಅಲ್ಲಿಯ ಬೆಳೆ ಹಾಳಾದದ್ದು ಅದಕ್ಕೆ ಒಂದು ಕಾರಣ ಎಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬ್ಯಾಂಕಿನಲ್ಲಿ ಕುಳಿತು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನು 200 ಬಳ್ಳಿ ನೆಟ್ಟೆ. ಅದು ಹೂ ಬಿಡಲು ಮೂರು ವರ್ಷ ಬೇಕು. ಬೆಳಗ್ಗೆ ಅರಳಿದ ಹೂವಿಗೆ ಅಂದೇ ಕಡ್ಡಿಯಿಂದ ಪರಾಗ ಮುಟ್ಟಿಸಬೇಕು, ಕೆಲಸಕ್ಕೆ ಹೋಗುವ ಮೊದಲು ಅದನ್ನೂ ಮಾಡಿದೆ. ಕೋಡು ಕೈಗೆ ಬರುವಷ್ಟರಲ್ಲಿ ಕಿಲೋಗೆ ನೂರು ರೂಪಾಯಿಯೂ ಇರಲಿಲ್ಲ. ಕೊನೆಗೆ ಪಾಯಸಕ್ಕೆ ಹಾಕಿದೆವು. ಪಾಯಸ ಚೆನ್ನಾಗಿತ್ತು.

ಪ್ರಶ್ನೆ: ಹೆಂಡತಿಯ ಹೆಸರಿನಲ್ಲಿ ಹಾಳೆತಟ್ಟೆ (ಅಡಿಕೆ ಮರದಿಂದ ಬೀಳುವ ಹಾಳೆಯಿಂದ ಮಾಡುವ ಊಟದ ತಟ್ಟೆ) ಘಟಕ ಹಾಕಬೇಕೆಂದಿದ್ದೇವೆ. ಬ್ಯಾಂಕಿನವರು ಪ್ರಾಜೆಕ್ಟ್ ರಿಪೋರ್ಟ್ ತನ್ನಿ ಎನ್ನುತ್ತಾರೆ. ಒಬ್ಬರು 8,000 ರೂಪಾಯಿಗೆ ಮಾಡಿಕೊಡುತ್ತೇನೆ, ಸಬ್ಸಿಡಿಯನ್ನೂ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಕೊಡಬಹುದೇ? (ಓದುಗ, ಪುತ್ತಿಗೆ)

ಕೊಡಬೇಡಿ. ಅಂಥ ವರದಿಗಳನ್ನು ನಾನು ರಾಶಿ ರಾಶಿ ನೋಡಿದ್ದೇನೆ. ಊರಿನ ಹೆಸರು ಒಂದು ಬದಲಿಸಿ ಹತ್ತು ಮಂದಿಗೆ ಕೊಡುತ್ತಾರೆ. ಒಮ್ಮೆ ನನ್ನ ಮೇಜಿಗೆ ಬಂದ ಹಾಳೆತಟ್ಟೆಯ ವರದಿಯ ಏಳನೆಯ ಪುಟದಲ್ಲಿ ‘ಕೋಳಿಗಳ ಆಹಾರದ ವೆಚ್ಚ’ ಎಂದಿತ್ತು.

ವರದಿ ಎಂದರೆ ನಾಲ್ಕು ಪ್ರಶ್ನೆಗೆ ಉತ್ತರ. ಒಂದು ತಟ್ಟೆಗೆ ಎಷ್ಟು ಬೀಳುತ್ತದೆ, ಎಷ್ಟಕ್ಕೆ ಹೋಗುತ್ತದೆ, ತಿಂಗಳಿಗೆ ಎಷ್ಟು ಮಾರಿದರೆ ಕಂತು ಕಟ್ಟಬಹುದು, ಅಷ್ಟು ಹಾಳೆ ಎಲ್ಲಿಂದ? ಮೊದಲ ಮೂರನ್ನು ಎಲ್ಲರೂ ಬರೆಯುತ್ತಾರೆ. ನಾಲ್ಕನೆಯದರಲ್ಲಿ ಮುಗ್ಗರಿಸುತ್ತಾರೆ, ಏಕೆಂದರೆ ಹಾಳೆ ತೋಟದಲ್ಲಿ ಬಿದ್ದು ಕೊಳೆಯುತ್ತಿರುವುದನ್ನು ದಿನಾ ನೋಡಿ ಅದಕ್ಕೆ ಕೊರತೆ ಎಂಬುದೇ ಇಲ್ಲ ಅನ್ನಿಸುತ್ತದೆ.

ಒಟ್ಟಿಗೆ ಮಾಡಿ ನೋಡೋಣ. ಒಂದು ತಟ್ಟೆ 3 ರೂಪಾಯಿಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಹಾಳೆಗೆ 80 ಪೈಸೆ, ಕೂಲಿಗೆ 90, ಕರೆಂಟಿಗೆ 15, ಕಟ್ಟಿ ಸಾಗಿಸಲು 15. ಒಟ್ಟು 2 ರೂಪಾಯಿ. ತಟ್ಟೆಗೆ ಒಂದು ರೂಪಾಯಿ ಉಳಿಯಿತು. ಸಾಲದ ಕಂತು, ಅಚ್ಚಿನ ರಿಪೇರಿ, ಶೆಡ್ಡು ಎಂದು ತಿಂಗಳಿಗೆ 6,000 ಹೇಗೂ ಹೋಗುತ್ತದೆ, ಯಂತ್ರ ಓಡಿದರೂ ಓಡದಿದ್ದರೂ. ಹಾಗಾದರೆ ತಿಂಗಳಿಗೆ 6,000 ತಟ್ಟೆ, ವರ್ಷಕ್ಕೆ 72,000 ತಟ್ಟೆ ಮಾರಿದರೆ ನೀವು ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ಗೆರೆಯ ಮೇಲೆ ನಿಲ್ಲುತ್ತೀರಿ. ಒಂದು ಹಾಳೆಯಲ್ಲಿ ದೊಡ್ಡದು ಚಿಕ್ಕದು ಸೇರಿ ಸರಾಸರಿ ಎರಡು ಬಂದರೆ 36,000 ಹಾಳೆ ಬೇಕು. ಮರವೊಂದಕ್ಕೆ ವರ್ಷಕ್ಕೆ ಆರು ಹಾಳೆ ಬೀಳುತ್ತದೆ ಎಂದು ಹಿಡಿದರೆ 6,000 ಮರ. 400 ಮರದ ತೋಟಗಳು ಹದಿನೈದು ಬೇಕಾದವು. ಮಳೆಗಾಲದಲ್ಲಿ ಬಿದ್ದದ್ದಕ್ಕೆ ಬೂಸು ಹಿಡಿದು ಅರ್ಧ ಹೋಯಿತು ಎಂದರೆ ಮೂವತ್ತು ತೋಟ. ಮೂವತ್ತು ಮನೆಯವರು ನಿಮಗಾಗಿ ಹಾಳೆ ಹೆಕ್ಕಿ, ಒಣಗಿಸಿ, ಮಳೆ ತಾಗದಂತೆ ಅಟ್ಟಿ ಇಡುತ್ತಾರೆಯೇ? 80 ಪೈಸೆಗೆ? ನಿಮ್ಮ ಊರಿನಲ್ಲಿ ಆಗಲೇ ಇನ್ನೊಂದು ಘಟಕ ಇದೆಯೇ? ಯಂತ್ರ ಕೊಳ್ಳುವ ಮೊದಲು ಒಂದು ಬೇಸಗೆ ಪೂರ್ತಿ ಹಾಳೆ ಮಾತ್ರ ಸಂಗ್ರಹಿಸಿ ನೋಡಿ. ಕೂಡಿದ ಹಾಳೆಯನ್ನು ಆ ಘಟಕಕ್ಕೇ ಮಾರಿದರೂ ನಷ್ಟವಿಲ್ಲ.

ಸಬ್ಸಿಡಿಯ ವಿಷಯ. ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಗ್ರಾಮೀಣ ಘಟಕಕ್ಕೆ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ 25 ಶೇಕಡಾ, ಮಹಿಳೆಯರೂ ಸೇರಿದ ವಿಶೇಷ ವರ್ಗಕ್ಕೆ 35 ಶೇಕಡಾ ಸಹಾಯಧನ ಇದೆ. ಕೈಯಿಂದ ಹಾಕಬೇಕಾದದ್ದು ಕ್ರಮವಾಗಿ 10 ಮತ್ತು 5 ಶೇಕಡಾ. ಆದ್ದರಿಂದ ಹೆಂಡತಿಯ ಹೆಸರಿನಲ್ಲಿ ಹಾಕುವುದು ಸರಿ, ಆದರೆ ಹೆಸರು ಅವರದ್ದಾದರೆ ಸಹಿಯೂ ಲೆಕ್ಕವೂ ಅವರದ್ದೇ ಆಗಿರಲಿ. ಇನ್ನೊಂದು, ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಇದ್ದು ಬಳಿಕ ಸಾಲಕ್ಕೆ ಜಮೆಯಾಗುತ್ತದೆ. ಅದನ್ನು ನಂಬಿ ಹಟ್ಟಿಗೆ ಶೀಟು ಹಾಕಿಸಿದವರನ್ನು ನಾನು ಕಂಡಿದ್ದೇನೆ. ಅರ್ಜಿಗೆ ಜಿಲ್ಲಾ ಉದ್ಯಮ ಕೇಂದ್ರ ಇದೆ, ಬ್ಲಾಕಿನಲ್ಲಿ ಉದ್ಯಮ ವಿಸ್ತರಣಾ ಅಧಿಕಾರಿ ಇದ್ದಾರೆ. ಅವರಿಗೆ 8,000 ಕೊಡಬೇಕಾಗಿಲ್ಲ.

ಪ್ರಶ್ನೆ: ನನಗೆ 74 ವರ್ಷ. ಇಷ್ಟು ಕಾಲ ಒಂದಕ್ಷರ ಬರೆಯದೆ ತೋಟ ಮಾಡಿದೆ, ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದೆ. ಈಗ ಮಗ ಲೆಕ್ಕ ಬರೆಯಿರಿ ಎನ್ನುತ್ತಾನೆ. ಯಾಕೆ ಬೇಕು? (ಓದುಗ, ಮುಳ್ಳೇರಿಯ)

ನಿಮಗೆ ಬೇಡ ಅಣ್ಣ. ನಿಮ್ಮ ತಲೆಯಲ್ಲಿ ಎಲ್ಲ ಇದೆ. ಯಾವ ಮರಕ್ಕೆ ಯಾವ ವರ್ಷ ಕೊಳೆ ಬಂತು ಎಂಬುದೂ ಇರಬಹುದು. ಮಗನ ತಲೆಯಲ್ಲಿ ಅದು ಇಲ್ಲ, ಅದಕ್ಕೇ ಕೇಳುತ್ತಿದ್ದಾನೆ. ರಾತ್ರಿ ಊಟ ಆದ ಮೇಲೆ ನೀವು ಹೇಳಿ, ಅವನು ಬರೆಯಲಿ. ಮೂವರು ಹೆಣ್ಣುಮಕ್ಕಳನ್ನೂ ಒಮ್ಮೆ ಕೂರಿಸಿ ಕೇಳಿಸಿ. ತೋಟದ ಪಾಲಿನ ಮಾತು ಬಂದಾಗ ಆ ಪುಸ್ತಕ ಅವರಿಗೂ ಬೇಕಾಗುತ್ತದೆ.

ಪ್ರಶ್ನೆ: ಐದು ಕ್ವಿಂಟಲ್ ಹೊಸ ಅಡಿಕೆ ಇದೆ. ಬೆಳೆಸಾಲ ಎರಡು ಲಕ್ಷದ ಗಡು ಈ ತಿಂಗಳ ಕೊನೆಗೆ. ದರ ಏರುತ್ತದೆ, ಆರು ತಿಂಗಳು ಕಾಯಿರಿ ಎಂದು ಎಲ್ಲರೂ ಹೇಳುತ್ತಾರೆ. ಕಾಯಲೇ? (ಓದುಗ, ಬದಿಯಡ್ಕ)

ದರ ಏರುತ್ತದೋ ಇಳಿಯುತ್ತದೋ ನನ್ನನ್ನು ಕೇಳಬೇಡಿ, ವೆನಿಲ್ಲಾದ ಕತೆ ಮೇಲೆ ಹೇಳಿದ್ದೇನೆ. ಎಷ್ಟು ಏರಿದರೆ ಕಾದದ್ದು ಸಾರ್ಥಕ ಎಂಬುದನ್ನು ಮಾತ್ರ ಹೇಳಬಲ್ಲೆ.

ಇವತ್ತಿನ ದರ ಕಿಲೋಗೆ 400 ಎಂದು ಹಿಡಿದರೆ ನಿಮ್ಮ ಅಡಿಕೆಗೆ ಸರಿಯಾಗಿ ಎರಡು ಲಕ್ಷ. 3 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ 7 ಶೇಕಡಾ, ಗಡುವಿನೊಳಗೆ ಕಟ್ಟಿದವರಿಗೆ 3 ಶೇಕಡಾ ರಿಯಾಯಿತಿ ಸಿಕ್ಕಿ ಅದು 4ಕ್ಕೆ ಇಳಿಯುತ್ತದೆ. ಗಡು ದಾಟಿಸಿದರೆ ಆ ರಿಯಾಯಿತಿ ಹೋಯಿತು. ಎರಡು ಲಕ್ಷಕ್ಕೆ ಒಂದು ವರ್ಷದ್ದು 6,000. ಗಡು ದಾಟಿದ ಸಾಲಕ್ಕೆ ಮುಂದೆ ಮಾಮೂಲು ಬಡ್ಡಿ. ಲೆಕ್ಕಕ್ಕೆ 9 ಶೇಕಡಾ ಹಿಡಿದರೆ ಆರು ತಿಂಗಳಿಗೆ 9,000. ಇದರ ಮೇಲೆ ಅಡಿಕೆ ಒಣಗಿ 10 ಕಿಲೋ ತೂಕ ಇಳಿಯಿತು ಎನ್ನಿ. ಆಗ ಉಳಿದ 490 ಕಿಲೋದಿಂದ 2,15,000 ಬರಬೇಕು. ಕಿಲೋಗೆ 439 ಸಿಕ್ಕಿದರೆ ನೀವು ಇವತ್ತು ಮಾರಿದಲ್ಲೇ ಇದ್ದೀರಿ, ಆರು ತಿಂಗಳು ಹುಳ, ಇಲಿ, ಮಳೆಗಾಲದ ತೇವದಿಂದ ಅಡಿಕೆಯನ್ನು ಕಾದದ್ದು ಬಿಟ್ಟಿ.

ನಾನಾದರೆ ಗಡುವಿನ ಒಳಗೆ ಕಟ್ಟುವಷ್ಟು ಮಾರಿ, ಸಾಲ ತೀರಿಸಿ, ಅದೇ ವಾರ ನವೀಕರಿಸಿಕೊಳ್ಳುತ್ತೇನೆ. ಹಳೆಯ ಅಡಿಕೆಗೆ ಹೊಸದಕ್ಕಿಂತ ಹೆಚ್ಚು ದರ ಸಿಗುವುದು ಸಾಮಾನ್ಯ, ಅಷ್ಟು ಮಟ್ಟಿಗೆ ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ. ಆದರೆ ಕಾಯುವ ಅಡಿಕೆ ಸಾಲವಿಲ್ಲದ ಅಡಿಕೆ ಆಗಿರಬೇಕು. ‘ಎಲ್ಲರೂ ಹೇಳುತ್ತಾರೆ’ ಎಂದಿದ್ದೀರಿ. ಅವರಲ್ಲಿ ಎಷ್ಟು ಮಂದಿಗೆ ಈ ತಿಂಗಳ ಕೊನೆಗೆ ಗಡು ಇದೆ, ಕೇಳಿ ನೋಡಿ.

ಪ್ರಶ್ನೆ: ನಮ್ಮಲ್ಲಿ ರೈತ ಉತ್ಪಾದಕ ಕಂಪನಿ ಮಾಡುತ್ತೇವೆಂದು ತಲಾ 1,000 ರೂಪಾಯಿ ಷೇರು ಹಣ ಸಂಗ್ರಹಿಸುತ್ತಿದ್ದಾರೆ. ಸೇರಬಹುದೇ? (ಓದುಗ, ವರ್ಕಾಡಿ)

ಸೇರುವ ಮೊದಲು ಅವರನ್ನು ಒಂದು ಕಪ್ ಚಹಾಕ್ಕೆ ಕರೆದು ಎದುರು ಕೂರಿಸಿ. ‘ಏನು ಮಾರುತ್ತೀರಿ, ಯಾರಿಗೆ?’ ಎಂದು ಕೇಳಿ. ಉತ್ತರದಲ್ಲಿ ‘ಸರಕಾರದಿಂದ ಬರುತ್ತದೆ’ ಎಂಬ ಮಾತು ಮೊದಲು ಬಂದರೆ ಚಹಾ ಕುಡಿಸಿ ಕಳುಹಿಸಿ.

ಕಾನೂನು ಸರಿಯಾಗಿಯೇ ಇದೆ. 2002ರ ತಿದ್ದುಪಡಿಯಿಂದ ಕಂಪನಿ ಕಾಯಿದೆಯಲ್ಲೇ ಬೆಳೆಗಾರರೇ ಒಡೆಯರಾದ ಇಂಥ ಕಂಪನಿಗೆ ಅವಕಾಶ ಬಂತು. ಹತ್ತು ಮಂದಿ ಬೆಳೆಗಾರರು ಸೇರಿದರೆ ಸಾಕು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. 2020ರಲ್ಲಿ ಕೇಂದ್ರ ಸರಕಾರ 10,000 ಇಂಥ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಿತು. ಅದರಲ್ಲಿ ಸಂಸ್ಥೆಗೆ ಮೂರು ವರ್ಷಕ್ಕೆ 18 ಲಕ್ಷದವರೆಗೆ ನಿರ್ವಹಣಾ ನೆರವು, ಸದಸ್ಯರೊಬ್ಬರಿಗೆ 2,000 ರೂಪಾಯಿಯವರೆಗೆ ಷೇರಿಗೆ ಸಮನಾದ ಅನುದಾನ. ಈ ಮೂರು ವರ್ಷ ಎಂಬುದನ್ನು ಗೆರೆ ಎಳೆದು ಓದಿ. ನಾಲ್ಕನೆಯ ವರ್ಷ ಗುಮಾಸ್ತನ ಸಂಬಳ ಎಲ್ಲಿಂದ ಎಂಬುದಕ್ಕೆ ಅವರಲ್ಲಿ ಅಂಕಿ ಇದೆಯೇ?

ನಮ್ಮ ಕಡೆಯವರು ಇದನ್ನು ಹೊಸದಾಗಿ ಕಲಿಯಬೇಕಾಗಿಯೂ ಇಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ದರ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಗಡಿಯ ಆಚೆ ಈಚೆ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿದರು. ಅವರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಅಡಿಕೆ ಕೊಳ್ಳುವವರು ಯಾರು? ತಾವೇ ಕೊಳ್ಳಲು ನಿಂತರು. ಕೊಕ್ಕೊ ಕೇಳುವವರಿಲ್ಲದ ಕಾಲ ಬಂದಾಗ ಅದರ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದರು. ನಿಮ್ಮ ವರ್ಕಾಡಿಯ ಕಂಪನಿ ಕಾರ್ಖಾನೆ ಕಟ್ಟಬೇಕೆಂದಿಲ್ಲ. ಮೈಲುತುತ್ತನ್ನು ಒಟ್ಟಿಗೆ ತರಿಸಿ, ಮರ ಹತ್ತುವವರ ತಂಡವೊಂದನ್ನು ವರ್ಷಕ್ಕೆ ಹಿಡಿದಿಟ್ಟು, ಸರದಿಯಲ್ಲಿ ತೋಟಕ್ಕೆ ಕಳುಹಿಸಿದರೂ ಸಾವಿರ ರೂಪಾಯಿ ವಸೂಲಾಗುತ್ತದೆ. ಮದ್ದಿಗೆ ಆಳು ಸಿಗದೆ ಎಂಟು ದಿನ ತಡವಾಗಿ ಅರ್ಧ ಫಸಲು ಉದುರಿದ ವರ್ಷ ನಿಮಗೂ ನೆನಪಿರಬಹುದು. ಅಂಥ ಒಂದು ಕೆಲಸವನ್ನು ಅವರು ಬಾಯಲ್ಲಿ ಹೇಳಿದರೆ ಸೇರಿ. ರಶೀದಿ ತೆಗೆದುಕೊಳ್ಳಿ. ಕಾಗದಪತ್ರ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಕನ್ನಡದಲ್ಲಿ ಓದಿ ಹೇಳಿಸಿದ ಮೇಲೆಯೇ ಸಹಿ ಹಾಕಿ.

ಪ್ರಶ್ನೆ: ನಿಮ್ಮ ಅಂಗಳದ ತರಗತಿಗೆ ಹೊರಗಿನವರು ಬರಬಹುದೇ? ಏನು ತರಬೇಕು? (ಓದುಗ ದಂಪತಿ, ನೀರ್ಚಾಲು)

ಬನ್ನಿ. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮೂರಕ್ಕೆ. ವಿಳಾಸವನ್ನು ಪತ್ರಿಕೆಯವರು ಕಳುಹಿಸುತ್ತಾರೆ. ಇಬ್ಬರೂ ಬನ್ನಿ. ಒಬ್ಬರೇ ಬಂದರೆ ಅರ್ಧ ಲೆಕ್ಕ ಮಾತ್ರ ಸಿಗುತ್ತದೆ. ಹೋದ ವರ್ಷದ ಕ್ಯಾಲೆಂಡರ್ ತನ್ನಿ. ಎಸೆದಿದ್ದರೆ ಕರೆಂಟು ಬಿಲ್ಲು ತನ್ನಿ. ಅಡಿಕೆ ನಮ್ಮಲ್ಲೇ ಇದೆ, ಹೋಗುವಾಗ ಎಣಿಸಿ ವಾಪಸು ಬುಟ್ಟಿಗೆ ಹಾಕಬೇಕು. ಮದ್ದು ಬಿಡುವ ವಾರ ತರಗತಿ ಇರುವುದಿಲ್ಲ.